ಚಿತ್ರದ ತಾಯಿಗೆ ನಿಜವಾದ ಮುಖ

ಹೊಲಿಗೆ ಯಂತ್ರದ ಮುಂದೆ ಕೂತವಳು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಟ್ಟೆಯ ಗಂಟಿನ ಜೊತೆ ಅವೇ ಅಂಗಡಿಗೆ ಬರುತ್ತವೆ. ಸುರಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನದೇ ಅಂಗಡಿ, ನನ್ನದೇ ಯಂತ್ರ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಮಕ್ಕಳ ಯೂನಿಫಾರ್ಮಿಗೆ ಅಳತೆ ತೆಗೆಯಲು ಮಾತ್ರ. ಅಕ್ಷರ ಕಲಿತದ್ದು ಗುಂಡಿ ಕಟ್ಟಿಕೊಡುತ್ತಿದ್ದ ಹಳೇ ಪೇಪರಿನ ಚೂರುಗಳಿಂದ. ಈಗ ಲೈಬ್ರರಿಯಲ್ಲಿ ಎರಡು ಕಪಾಟು ಓದಿ ಮುಗಿಸಿದ್ದೇನೆ. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ. ಇಂಥವಳು ಜಪಾನಿನ ಕಾರ್ಟೂನಿಗೆ ಸಿಕ್ಕಿಬಿದ್ದ ಮೇಲೆ ಆದ ಫಜೀತಿಗಳು ಇವು.

೧. ಒಂದು ಬೆರಳು ಗಿಡ್ಡ

ನನ್ನ ಮಗಳು ಯಾದಗಿರಿಯ ಕಾಲೇಜಿಗೆ ಹೋಗುತ್ತಾಳೆ. ರಜೆಯ ಒಂದು ಮಧ್ಯಾಹ್ನ ಫೋನನ್ನು ನೂಲಿನ ಡಬ್ಬಿಗೆ ಆನಿಸಿ ಏನೋ ನೋಡುತ್ತಿದ್ದಳು.

"ಇಷ್ಟು ದೊಡ್ಡಾಕಿ ಆಗಿ ಕಾರ್ಟೂನ್ ನೋಡ್ತಿಯೇನ?"

"ಕಾರ್ಟೂನ್ ಅಲ್ಲವ್ವಾ, ಅನಿಮೆ ಅಂತಾರ. ಹಿಂದಿಯಾಗ ಅದ, ನೀನೂ ನೋಡು."

ನದಿ ದಂಡೆಯ ಒಂದು ಊರು. ತಲೆಯ ಮೇಲೆ ಬುಟ್ಟಿ ಹೊತ್ತ ತಾಯಿ ಮುಂದೆ, ಮಗು ಹಿಂದೆ. ನಡೆಯುತ್ತ ನಡೆಯುತ್ತ ತಾಯಿ ತಿರುಗಿ ನೋಡಿದಳು. ಅಷ್ಟೇ. ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು.

ನನ್ನವ್ವ ಕೃಷ್ಣೆಯ ದಂಡೆಯವಳು. ಮೀನು ಮಾರುತ್ತಿದ್ದಳು. ನನಗೆ ನಾಲ್ಕು ತುಂಬುವುದರೊಳಗೆ ತೀರಿಕೊಂಡಳು. ಒಂದು ಫೋಟೊ ಕೂಡ ಇಲ್ಲ. ನನ್ನ ಬಳಿ ಇರುವುದು ಒಂದೇ ನೆನಪು: ಬುಟ್ಟಿ ಹೊತ್ತ ಬೆನ್ನು, ಅದು ತಿರುಗುವುದು. ತಿರುಗಿದ ಮೇಲೆ ಅಲ್ಲಿ ಮುಖವಿಲ್ಲ. ನಲವತ್ತು ವರ್ಷ ಹಾಗೇ ತಿರುಗಿದ ಅವ್ವನಿಗೆ ಯಾರೋ ದೂರದ ದೇಶದವರು ಮುಖ ಬರೆದುಕೊಟ್ಟಿದ್ದರು. ನಾನು ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಆ ಭಾಗವೊಂದನ್ನೇ ಹಾಕಿಕೊಂಡು ನೋಡುತ್ತಿದ್ದೆ.

ಹಾಗೆ ನೋಡುತ್ತ ಕಣ್ಣೀರು ಒರೆಸಿಕೊಳ್ಳುವಾಗ ಓಣಿಯ ಟೀಚರಮ್ಮ ಬಂದರು.

"ಯಾಕ್ರಿ ಅಕ್ಕಾರ, ಅಳಾಕತ್ತೀರಿ?"

ನಾನು ಫೋನನ್ನು ನೂಲಿನ ಡಬ್ಬಿಯ ಹಿಂದೆ ಸರಿಸಿದೆ. ಅವರ ಕಣ್ಣು ನನ್ನ ತೊಡೆಯ ಮೇಲಿದ್ದ ಅವರದೇ ಕುಪ್ಪಸದ ಮೇಲೆ ಬಿತ್ತು. ಮುಖ ಬಾಡಿತು. ಆದರೂ ಒಳ್ಳೆಯ ಹೆಂಗಸು, ನನ್ನ ಬೆನ್ನು ಸವರಿ ಹೇಳಿದರು:

"ಹೋಗ್ಲಿ ಬಿಡ್ರಿ, ಆದದ್ದು ಆಯ್ತು. ಎಷ್ಟು ಗಿಡ್ಡ ಆಗ್ಯಾದ, ಅಷ್ಟ ಹೇಳ್ರಿ."

ಗಿಡ್ಡವೇನೂ ಆಗಿರಲಿಲ್ಲ. ನನ್ನ ಕತ್ತರಿ ತಪ್ಪುವುದಿಲ್ಲ. ಆದರೆ ನಿಜ ಹೇಳುವುದಕ್ಕಿಂತ ಇದೇ ಹಗುರವೆನಿಸಿ, "ಒಂದು ಬೆರಳು ಗಿಡ್ಡ ಆಗ್ಯಾದ್ರಿ" ಅಂದುಬಿಟ್ಟೆ.

ಅವರು ಹೋದ ಮೇಲೆ, ಆಡಿದ ಮಾತು ಸುಳ್ಳಾಗಬಾರದೆಂದು, ಚೆನ್ನಾಗಿದ್ದ ಕುಪ್ಪಸದ ತೋಳನ್ನು ಒಂದು ಬೆರಳಿನಷ್ಟು ಕತ್ತರಿಸಿದೆ.

೨. ಅರ್ಜಿ

ಕೆಲವು ತಿಂಗಳ ನಂತರ ಮಗಳು ಕುಣಿಯುತ್ತ ಬಂದಳು. "ಅವ್ವಾ, ಆ ಅನಿಮೆ ಸಿನಿಮಾ ಆಗಾಕತ್ತದ! ನಿಜವಾದ ಮಂದಿ ಪಾರ್ಟು ಮಾಡ್ತಾರ!"

"ತಾಯಿ ಪಾರ್ಟೂ?"

"ಹೂಂ. ಯಾರೋ ದೊಡ್ಡ ನಟಿ ಅಂತ."

ಓದಿದವಳಿಗೆ ಈ ಸಂಕಟ ಗೊತ್ತು. ನಾನು ಓದಿದ ಕಾದಂಬರಿಯೊಂದು ಸಿನಿಮಾ ಆದಾಗ ನೋಡಿದ್ದೆ; ಆಮೇಲೆ ಪುಸ್ತಕ ತೆಗೆದರೆ ಪುಟಪುಟಕ್ಕೂ ಆ ನಟನೇ ಮೀಸೆ ತಿರುವುತ್ತ ಬರುತ್ತಿದ್ದ, ನಾನು ಕಂಡುಕೊಂಡಿದ್ದ ಮನುಷ್ಯ ಮರಳಿ ಬರಲೇ ಇಲ್ಲ. ಈಗ ಯಾವಳೋ ನಟಿ ಬುಟ್ಟಿ ಹೊತ್ತು ತಿರುಗಿದಳೆಂದರೆ, ಬರೆದ ಮುಖವೂ ಹೋಯಿತು, ಅವ್ವನೂ ಎರಡನೇ ಸಲ ಹೋದಳು.

ಸುಮ್ಮನಿರುವ ಜಾತಿ ನನ್ನದಲ್ಲ. ತಹಸೀಲ್ದಾರ ಸಾಹೇಬರಿಗೆ ಎರಡು ಪುಟದ ಅರ್ಜಿ ಬರೆದೆ. ತಾಲೂಕು ಕಚೇರಿ ಮುಂದಿನ ಬೇವಿನ ಗಿಡದ ಕೆಳಗೆ ಅರ್ಜಿ ಬರೆದುಕೊಡುವ ಹಿರಿಯರೊಬ್ಬರು ಕೂಡುತ್ತಾರೆ. ಬರೆಸಲಿಕ್ಕಲ್ಲ, ತೋರಿಸಲಿಕ್ಕೆ ಒಯ್ದೆ. ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

"ವಿಷಯ: ಚಿತ್ರದ ತಾಯಿಗೆ ನಿಜವಾದ ಹೆಂಗಸಿನ ಮುಖ ಹಚ್ಚದಿರುವ ಕುರಿತು."

ನಗುತ್ತಾರೆಂದು ಕಾದೆ. ನಗಲಿಲ್ಲ. ಮೂವತ್ತು ವರ್ಷ ತಂಟೆ ತಕರಾರುಗಳನ್ನೇ ಬರೆದ ಕೈ ಅದು.

"ಹಕ್ಕು ನಿಮ್ಮದೇನು?" ಅಂದರು.

"ನಾ ಮೊದಲ ನೋಡೀನ್ರಿ."

"ಕಬ್ಜಾ ನಿಮ್ಮದ ಅದ ಅಂದ್ಹಂಗಾಯ್ತು. ಕೇಸು ಗಟ್ಟಿ ಅದ." ಪೆನ್ನು ತೆಗೆದು ಕೊನೆಗೆ ಒಂದು ಸಾಲು ಸೇರಿಸಿ ಮಡಚಿಕೊಟ್ಟರು.

ಮನೆಗೆ ಬಂದು ಬಿಚ್ಚಿದೆ: "ಆದ ಕಾರಣ ತಾವು ಖುದ್ದು ಜಪಾನಿಗೆ ಹೋಗಿ, ಚತುಃಸೀಮೆ ನೋಡಿ, ಪಂಚರ ಸಮಕ್ಷಮ ಪಂಚನಾಮೆ ಮಾಡಬೇಕಾಗಿ ವಿನಂತಿ."

೩. ತೋಳಿನ ಲಗೇಜು

ನನ್ನ ಹೆದರಿಕೆ ಬರೀ ಹಟವಲ್ಲ ಅನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ಈ ತೋಳು ನೋಡಿ. ಮಗಳ ಗೆಳತಿ ಶಹಾಪುರದವಳು. ಕಾಲೇಜಿನ ಗ್ಯಾದರಿಂಗಿಗೆ ಅದೇ ಅನಿಮೆಯ ರಾಜಕುಮಾರಿಯ ವೇಷ ಬೇಕೆಂದು ಫೋನಿನ ಚಿತ್ರ ತಂದಳು.

"ಹಿಂಗ ಬೇಕ್ರಿ ಅತ್ತಿ. ಇದ್ದದ್ದು ಇದ್ದಂಗ."

ನೋಡಿದೆ. ಎಲ್ಲಿಯೂ ಹೊಲಿಗೆಯಿಲ್ಲ, ಗುಂಡಿಯಿಲ್ಲ. ಒಳಗೆ ಹೋಗುವ ದಾರಿಯೇ ಇಲ್ಲದ ಉಡುಪು. ತೋಳೆರಡೂ ಹದ್ದಿನ ರೆಕ್ಕೆಯಂತೆ ತಾವೇ ನಿಂತಿವೆ.

"ಆಗಂಗಿಲ್ಲವ್ವಾ. ಗೆರಿಗೆ ಭಾರ ಇಲ್ಲ, ಬಟ್ಟಿಗೆ ಅದ."

"ನಿಮ್ಮ ಕೈಲಿಂದ ಆಗಂಗಿಲ್ಲೇನ್ರಿ?"

ಅದೊಂದು ಮಾತು ಸಾಕು. ಎಂಟು ದಿನ ಕೂತೆ. ಕಾಲರಿನೊಳಗೆ ಹಾಕುವ ಗಟ್ಟಿ ಬಕ್ರಮ್ ಮೂರು ಪದರ, ಮೇಲೆ ಗಂಜಿ, ಒಳಗೆ ಬಿದಿರಿನ ಕಡ್ಡಿ. ತೋಳು ನಿಂತವು. ಎಷ್ಟು ನಿಂತವೆಂದರೆ ಮಡಚಲು ಬಾರದೆ ತೊಟ್ಟುಕೊಂಡೇ ಹೊರಡಬೇಕಾಯಿತು; ಅಡ್ಡಡ್ಡ ತಿರುಗಿ ಹತ್ತಿದರೂ ಅವಳು ಬಸ್ಸಿನೊಳಗೆ ಹೋಗಲು ಇಬ್ಬರು ನೂಕಬೇಕಾಯಿತು. ಎರಡು ಸೀಟಿನ ಮೇಲೆ ರೆಕ್ಕೆ ಹರಡಿ ನಿಂತಳು. ಪಕ್ಕದ ಅಜ್ಜನೊಬ್ಬ ತನ್ನ ಟೋಪಿ ತೆಗೆದು ಬಲಗಡೆಯ ತೋಳಿನ ಮೇಲಿಟ್ಟು ನಿದ್ದೆ ಹೋದ. ಕಂಡಕ್ಟರ್ ಬಂದು ಮೇಲಿಂದ ಕೆಳಗೆ ನೋಡಿದ.

"ಹೆಣ್ಮಕ್ಕಳಿಗೆ ಫ್ರೀ ಅದ ತಂಗಿ," ಅಂದ. "ತೋಳಿಗೆ ಲಗೇಜ್ ಬೀಳ್ತದ."

೪. ಗೋಡೆ ನೋಡಿದ ಸಿನಿಮಾ

ಸಿನಿಮಾ ಬಂದೇ ಬಂತು. ಆಗ ನನ್ನ ಚಿಗವ್ವ ನಮ್ಮ ಮನೆಯಲ್ಲಿದ್ದಳು. ಅವ್ವನ ಬೆನ್ನಿಗೆ ಹುಟ್ಟಿದವಳು, ನನ್ನನ್ನು ಸಾಕಿದವಳು. ಕಣ್ಣಿನ ಪೊರೆ ತೆಗೆಸಿಕೊಂಡು ತಿಂಗಳಾಗಿತ್ತು; ಹೊಸ ಕಣ್ಣಿನ ಹುರುಪಿನಲ್ಲಿ ಜೇಡರ ಬಲೆಯನ್ನೂ ಬಿಡದೆ ನೋಡುತ್ತಿದ್ದಳು. ಮಗಳು ಫೋನಿನಲ್ಲಿ ಸಿನಿಮಾ ಹಚ್ಚಿದಳು. ಜಪಾನಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ಮಗಳೇ ಓದಿ ಹೇಳುತ್ತಿದ್ದಳು.

ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ.

"ಹೋದ್ಲೇನ?"

"ಯಾರವ್ವಾ?"

"ಆ ತಾಯಿ."

"ಈಗ ಬಂದಾಳ."

"ಹೋದ ಮ್ಯಾಗ ಹೇಳು."

ಚಿಗವ್ವನಿಗೆ ತಡೆಯಲಾಗಲಿಲ್ಲ. "ಏ ಹುಡುಗಿ, ಗ್ವಾಡಿ ಮ್ಯಾಗ ಯಾವ ಸಿನಿಮಾ ಹತ್ಯಾದ?"

ಸಿಟ್ಟೋ ದುಃಖವೋ, ಅಲ್ಲಿಯವರೆಗೆ ಬಾಯಿಬಿಡದ ಎಲ್ಲವನ್ನೂ ಹೇಳಿಬಿಟ್ಟೆ. ಬೆನ್ನು, ಬುಟ್ಟಿ, ತಿರುಗುವುದು, ಬರೆದ ಮುಖ. ಮಗಳು ಸಿನಿಮಾ ನಿಲ್ಲಿಸಿದಳು. ಚಿಗವ್ವ, "ಆ ಬರದ ಮುಖ ತೋರಿಸು" ಅಂದಳು.

ತೋರಿಸಿದೆ. ಅವಳು ಫೋನನ್ನು ಮೂಗಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಆಮೇಲೆ ಹೊಸ ಕಣ್ಣಿನ ಮೇಲೆ ಕೈಯಿಟ್ಟುಕೊಂಡು ನಗತೊಡಗಿದಳು.

"ಇಕಿ ನಿಮ್ಮವ್ವ? ಯವ್ವಾ! ಇಷ್ಟು ದೊಡ್ಡ ಕಣ್ಣಾ? ಮೂಗು ಎಲ್ಲಿ ಅದ ಇಕಿಗೆ? ಬಾಯಿ ಎಳ್ಳಿನಷ್ಟದ. ಇಷ್ಟು ಬಾಯಿಲಿಂದ ನಿಮ್ಮವ್ವ ಸಂತಿಯಾಗ ಹ್ಯಾಂಗ ಬೈತಿದ್ಳು?"

"ಆಕಿ ತಿರುಗಿ ನೋಡಿದ್ದು ನನಗ ನೆನಪದ ಚಿಗವ್ವಾ."

"ನಿನಗ ಬೈಯಾಕ ತಿರುಗಿರತಾಳ. ನೀ ಹಾದಿ ತುಂಬ ಕಲ್ಲು ಆರಿಸ್ಕೋತ ನಿಲ್ತಿದ್ದಿ."

ಇದ್ದ ಒಂದು ಮುಖವೂ ಹೋಯಿತಲ್ಲ ಎಂದು ಕೂತೆ. ಇನ್ನು ಗೋಡೆ ನೋಡಲು ಕಾರಣವೂ ಉಳಿಯಲಿಲ್ಲ. ಮಗಳು ಮೆಲ್ಲಗೆ ಸಿನಿಮಾ ಮುಂದುವರಿಸಿದಳು. ನಟಿ ಚಂದವಾಗಿದ್ದಳು, ಯಾರಂತೆಯೂ ಇರಲಿಲ್ಲ. ಅವಳು ಮೀನಿನ ಸಂತೆಯೊಳಗೆ ಹಾದುಹೋಗುವಾಗ, ಹಿಂದೆ ಮೂಲೆಯಲ್ಲಿ, ಸೊಂಟಕ್ಕೆ ಅರಿವೆ ಬಿಗಿದ ಗಟ್ಟಿ ಹೆಂಗಸೊಬ್ಬಳು ಗಿರಾಕಿಯ ಮೂಗಿಗೆ ಮೀನು ಹಿಡಿದು ಬಯ್ಯುತ್ತಿದ್ದಳು.

ಚಿಗವ್ವ ನನ್ನ ತೊಡೆಗೆ ಫಟ್ಟೆಂದು ಹೊಡೆದಳು.

"ನಿಲ್ಸು! ಏ, ನಿಲ್ಸು! ಇಕಿ! ಇಕಿ ನೋಡು ನಿಮ್ಮವ್ವ!"

"ಸಿಟ್ಟು ಹಿಂಗಿತ್ತೇನ?" ಅಂದೆ.

"ಸಿಟ್ಟೂ ಇದ, ಮೂಗೂ ಇದ, ಗದ್ದಾನೂ ಇದ. ಮುಂದಿನ ಹಲ್ಲೊಂದು ಉಬ್ಬಿತ್ತು, ಅಷ್ಟ ಫರಕು." ಮಾತಾಡುತ್ತಲೇ ಅವಳ ನಗು ನಿಂತು, ಬೆರಳು ಆ ಹೆಂಗಸಿನ ಗದ್ದದ ಮೇಲೆ ಉಳಿಯಿತು. "ಅಕ್ಕಾ," ಅಂದಳು, ಫೋನಿಗೆ.

ಬರೆದ ಚಿತ್ರದಲ್ಲಿ ಈ ಹೆಂಗಸು ಇರಲೇ ಇಲ್ಲ. ಚಿತ್ರವನ್ನು ಸಿನಿಮಾ ಮಾಡಬಾರದೆಂದು ಈಗಲೂ ಹೇಳುತ್ತೇನೆ. ಅವಳೊಬ್ಬಳ ಸಲುವಾಗಿ ಮಾತ್ರ ಬಾಯಿ ಮುಚ್ಚಿಕೊಂಡಿದ್ದೇನೆ. ಒಂಬತ್ತೇ ಸೆಕೆಂಡು. ಅವತ್ತು ಮತ್ತೆ ಮತ್ತೆ ಹಾಕಿಸಿ ನೋಡಿದೆ. ಮುಖ ಬಂತು, ಹೋಯಿತು, ಮತ್ತೆ ಬಂತು.

ಮಗಳು ಕಣ್ಣೊರೆಸಿಕೊಂಡು ಹೇಳಿದಳು: "ಅವ್ವಾ, ಇಕಿ ಏನಂದ್ಳು ಅಂತ ಕೆಳಗ ಬರದ ಇಲ್ಲ."

"ಬರಿಯೋದು ಯಾಕ ಬೇಕು? ನಮ್ಮವ್ವ ಬೈದದ್ದು ನನಗ ತಿಳಿಯಂಗಿಲ್ಲೇನು?"

ಚಿಗವ್ವ ಗಾಬರಿಯಾಗಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ತಿಳಿದಿದ್ರ ನಿನ್ನ ಹೊಟ್ಟ್ಯಾಗ ಇಟ್ಟುಕೋ. ಹುಡುಗಿ ಮುಂದ ಹೇಳಬ್ಯಾಡ."