ಕಲಿಯದವರ ಗುಂಪು

ಒಂದು ಭಾಷೆಯನ್ನು ಕಲಿಸಿದರೆ ವ್ಯಾಪಾರ ಹೆಚ್ಚುತ್ತದೆ ಎಂದು ಸಾಬೀತುಪಡಿಸಬೇಕಾದರೆ, ಅದನ್ನು ಕೆಲವರಿಗಾದರೂ ಕಲಿಸದೆ ಇರಬೇಕಾಗುತ್ತದೆ. ಇದು ಸಂಶೋಧನೆಯ ನಿಯಮ. ಧಾರವಾಡದ ವಾಣಿಜ್ಯ ವಿದೇಶಿ ಭಾಷಾ ಸಂಶೋಧನ ಕೇಂದ್ರಕ್ಕೆ ದಿಲ್ಲಿಯಿಂದ ಮೂರು ವರ್ಷಗಳ ಅನುದಾನ ಮಂಜೂರಾದಾಗ, ನಿರ್ದೇಶಕ ಡಾ. ಮಹಾಂತಯ್ಯನವರು ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರು. ಅವಳಿ ನಗರದ ನಲವತ್ತು ಮಂದಿ ವ್ಯಾಪಾರಸ್ಥರನ್ನು ಕರೆಸಿ ಚೀಟಿ ಎತ್ತಿಸಿದರು. ಇಪ್ಪತ್ತು ಮಂದಿಗೆ ಸ್ಪ್ಯಾನಿಷ್ ಕಲಿಸುವುದು, ಉಳಿದ ಇಪ್ಪತ್ತು ಮಂದಿಗೆ ಕಲಿಸದಿರುವುದು ಎಂದಾಯಿತು.

ಕಲಿಯುವ ಗುಂಪಿನವರು ಎರಡನೆಯ ತರಗತಿಯ ನಂತರ ಬರಲಿಲ್ಲ. ಸುಗ್ಗಿ ಶುರುವಾಗಿತ್ತು. ಆಸನಗಳು ಖಾಲಿ ಇರಬಾರದೆಂಬ ಷರತ್ತು ಇದ್ದುದರಿಂದ, ಲಭ್ಯವಿದ್ದವರನ್ನು ತುಂಬಿಕೊಳ್ಳಲಾಯಿತು. ಹಾಗೆ ಲಭ್ಯರಾದವರಲ್ಲಿ ಬೆಂಗೇರಿಯ ಶರಣವ್ವನವರು ಒಬ್ಬರು. ವಯಸ್ಸು ಎಪ್ಪತ್ತೊಂದು, ಮಹಾಂತಯ್ಯನವರ ಅತ್ತೆ. ಮಾರುವುದಕ್ಕೆ ಅವರ ಬಳಿ ಏನೂ ಇರಲಿಲ್ಲ. ಪುರುಸೊತ್ತು ಇದ್ದುದರಿಂದ ಚೆನ್ನಾಗಿ ಕಲಿತರು.

ಗೋಕುಲ ರಸ್ತೆಯಲ್ಲಿ ಮೆಣಸಿನಕಾಯಿ ಪುಡಿಯ ಘಟಕ ನಡೆಸುವ ದಾಕ್ಷಾಯಿಣಿ ಕಲಿಯದವರ ಗುಂಪಿಗೆ ಬಿದ್ದರು. ಅವರ ಹಿಂದಿನ ಖರೀದಿದಾರ ಕೈಬಿಟ್ಟಿದ್ದ. ಸ್ಪೇನಿನಿಂದ ಒಬ್ಬ ಖರೀದಿದಾರ ಕೇಂದ್ರದ ಆಹ್ವಾನದ ಮೇಲೆ ಬರುವವನಿದ್ದ. ಅವನು ಮಾಲು ಒಯ್ಯದಿದ್ದರೆ ತೊಟ್ಟು ಬಿಡಿಸುವ ಹದಿನಾರು ಹೆಣ್ಣುಮಕ್ಕಳನ್ನು ಮನೆಗೆ ಕಳಿಸಬೇಕಾಗಿತ್ತು. ಗುಂಪು ಬಿಟ್ಟವರಿಗೆ ಖರೀದಿದಾರನ ಭೇಟಿ ಇಲ್ಲ ಎಂಬುದು ಇನ್ನೊಂದು ನಿಯಮ.

“ಸರ, ಹತ್ತು ಮಾತು ಕಲಿಸಿದ್ರ ಸಾಕ್ರಿ. ದರಾ, ತೂಕಾ, ಮಾಲು ಕಳಸೂ ದಿನಾ” ಎಂದು ದಾಕ್ಷಾಯಿಣಿ ಕೇಳಿಕೊಂಡರು.

“ಕಲಿಸಾಕ ನನಗೇನು ಬ್ಯಾಸರ ಇಲ್ರಿ ಅಕ್ಕಾರ. ಆದ್ರ ನಿಮಗ ಕಲಿಸದ ಇರಾಕ ಸರಕಾರ ರೊಕ್ಕಾ ಕೊಟ್ಟೈತಿ” ಎಂದರು ಮಹಾಂತಯ್ಯನವರು.

ಕಲಿಯದವರು ಕಲಿತಿಲ್ಲವೆಂದು ಖಚಿತಪಡಿಸಿಕೊಳ್ಳಲು ಪ್ರತಿ ತಿಂಗಳು ಪರೀಕ್ಷೆ ಇತ್ತು. ಮೂರನೆಯ ತಿಂಗಳು ದಾಕ್ಷಾಯಿಣಿಯವರಿಗೆ ಐವತ್ತಕ್ಕೆ ನಲವತ್ತೊಂದು ಬಂತು. ಮೊಬೈಲಿನಲ್ಲಿ ಕದ್ದು ಕಲಿತಿದ್ದರು. ಮರುದಿನವೇ ನೋಟಿಸು ತಲುಪಿತು:

“ತಾವು ನಲವತ್ತೊಂದು ಅಂಕ ಪಡೆದಿರುವುದು ಕೇಂದ್ರದ ಗಮನಕ್ಕೆ ಬಂದಿದೆ. ಸದರಿ ಜ್ಞಾನವನ್ನು ಯಾರ ಅನುಮತಿಯಿಂದ ಪಡೆದಿರೆಂಬುದಕ್ಕೆ ಸಮಜಾಯಿಷಿ ನೀಡತಕ್ಕದ್ದು. ಹದಿನೈದು ದಿನಗಳೊಳಗೆ ಅದನ್ನು ಮರೆಯತಕ್ಕದ್ದು. ತಪ್ಪಿದಲ್ಲಿ ಖರೀದಿದಾರರ ಭೇಟಿಯಿಂದ ಕೈಬಿಡಲಾಗುವುದು.”

“ಮರೀರಿ ಅಂದ್ರ ಹೆಂಗ ಮರೀಬೇಕ್ರಿ, ಸರ?”

“ಅದು ನಿಮಗ ಬಿಟ್ಟದ್ದು. ಕಲಿಯೂ ಮುಂದ ನಮ್ಮನ್ನೇನು ಕೇಳಿದ್ದಿಲ್ಲಲ್ಲ.”

ಮುಂದಿನ ಪರೀಕ್ಷೆಯಲ್ಲಿ ದಾಕ್ಷಾಯಿಣಿ ಸೊನ್ನೆ ಪಡೆದರು. ಪ್ರಶ್ನೆಗಳೆಲ್ಲ ಸರಿ-ತಪ್ಪು ಗುರುತಿಸುವಂಥವು. ಕುರುಡಾಗಿ ಗುರುತು ಹಾಕಿದವರಿಗೂ ಅರ್ಧದಷ್ಟು ಅಂಕ ಬರುತ್ತದೆ. ಐವತ್ತೂ ತಪ್ಪಬೇಕಾದರೆ ಐವತ್ತೂ ಗೊತ್ತಿರಬೇಕು. ಕೇಂದ್ರವು ಇದನ್ನು ಪರಿಗಣಿಸದೆ ಪ್ರಶಂಸಾಪತ್ರ ಕಳಿಸಿತು.

ಖರೀದಿದಾರ ಜನವರಿಯಲ್ಲಿ ದಾಕ್ಷಾಯಿಣಿಯವರ ಘಟಕಕ್ಕೆ ಬಂದ. ದುಭಾಷಿ ಮತ್ತು ಮೊಬೈಲು ಎರಡನ್ನೂ ನಿಷೇಧಿಸಲಾಗಿತ್ತು. ಕಲಿತವರ ಪರವಾಗಿ ಶರಣವ್ವನವರು ಅವನ ಜೊತೆ ಬಂದಿದ್ದರು. ಮಕ್ಕಳೆಷ್ಟು, ಮೊಣಕಾಲು ನೋವಿಗೆ ನಿಮ್ಮ ಕಡೆ ಏನು ಮಾಡುತ್ತೀರಿ ಎಂದು ಒಂದೂವರೆ ತಾಸು ಮಾತಾಡಿದರು. ಖರೀದಿದಾರ ಸಂತೋಷಪಟ್ಟ. ಆಮೇಲೆ ಮೆಣಸಿನಕಾಯಿಯನ್ನು ಮುರಿದು, ಬಣ್ಣ ನೋಡಿ, ದಾಕ್ಷಾಯಿಣಿಯವರ ಕಡೆ ತಿರುಗಿ ಏನೋ ಕೇಳಿದ. ಮಹಾಂತಯ್ಯನವರು ನೋಟ್‌ಬುಕ್ ತೆರೆದರು. ದಾಕ್ಷಾಯಿಣಿ ಅರ್ಥವಾಗದವರಂತೆ ಚೀಲದ ಬಾಯಿ ಕಟ್ಟತೊಡಗಿದರು.

“ದರಾ ಎಷ್ಟಂತ ಕೇಳಾಕತ್ತಾನ ಪಾಪ. ಹೇಳಬಾರದೇನವಾ?” ಎಂದರು ಶರಣವ್ವ.

“ಅತ್ತಿಯವರ, ಹೇಳಿಕೊಡಬ್ಯಾಡ್ರಿ. ಅದು ಕಲಿಸಿದಂಗ ಆಗತೈತಿ.”

ಖರೀದಿದಾರ ಕೈ ಒರೆಸಿಕೊಂಡು ಹೊರಡಲು ಎದ್ದ. ತೊಟ್ಟು ಬಿಡಿಸುತ್ತಿದ್ದ ಹದಿನಾರು ಮಂದಿಯೂ ಕೈ ನಿಲ್ಲಿಸಿದ್ದರು. ದಾಕ್ಷಾಯಿಣಿ ಅವರನ್ನೊಮ್ಮೆ ನೋಡಿ, ಖರೀದಿದಾರನಿಗೆ ಸ್ಪ್ಯಾನಿಷ್‌ನಲ್ಲಿ ದರ ಹೇಳಿದರು, ತೂಕ ಹೇಳಿದರು, ಹಡಗು ಹೊರಡುವ ದಿನ ಹೇಳಿದರು. ಅವನು ಕೂತ. ಒಂದು ವರ್ಷದ ಮಾಲಿಗೆ ಸಹಿ ಹಾಕಿ ಎದ್ದ.

ಕೇಂದ್ರವು ತುರ್ತು ಸಭೆ ಸೇರಿತು. ದಾಖಲೆಯ ಪ್ರಕಾರ ದಾಕ್ಷಾಯಿಣಿಯವರಿಗೆ ಸ್ಪ್ಯಾನಿಷ್ ಬರುವುದಿಲ್ಲ. ದಾಖಲೆಯನ್ನು ತಿದ್ದಿದರೆ ಸಂಶೋಧನೆ ಅಸಿಂಧುವಾಗಿ ಅನುದಾನ ಹಿಂದಿರುಗಿಸಬೇಕಾಗುತ್ತದೆ. ಆದ್ದರಿಂದ ಅವರು ಆಡಿದ್ದು ಸ್ಪ್ಯಾನಿಷ್ ಅಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಕಲಿತವರಲ್ಲಿ ಯಾರಿಗೂ ವ್ಯಾಪಾರ ಕುದುರದೆ, ಕಲಿಯದವರಿಗೆ ಮಾತ್ರ ಕುದುರಿದ್ದರಿಂದ, ಭಾಷೆಯನ್ನು ಕಲಿಸದಿರುವುದೇ ವ್ಯಾಪಾರಕ್ಕೆ ಹೆಚ್ಚು ಅನುಕೂಲವೆಂದು ವರದಿ ಹೋಯಿತು.

ದಿಲ್ಲಿಯವರಿಗೆ ವರದಿ ಹಿಡಿಸಿತು. ಏಳು ಜಿಲ್ಲೆಗಳಲ್ಲಿ ಜಪಾನಿ, ಜರ್ಮನ್, ಅರಬ್ಬಿಗಳನ್ನೂ ಕಲಿಸದಿರಲು ಅನುದಾನವನ್ನು ಮೂರು ಪಟ್ಟು ಹೆಚ್ಚಿಸಿದರು. ಕಲಿಯದವರ ಗುಂಪಿಗೆ ಸೇರಲು ಈಗ ಶಿಫಾರಸು ಬೇಕು. ಅನುಭವ ಇರುವವರೆಂದು ದಾಕ್ಷಾಯಿಣಿಯವರನ್ನೇ ಆ ಗುಂಪಿನ ಮಾರ್ಗದರ್ಶಕರನ್ನಾಗಿ ನೇಮಿಸಲಾಗಿದೆ. ಶನಿವಾರ ಸಂಜೆ ಗೋಡೌನಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ತರಗತಿ ತೆಗೆದುಕೊಳ್ಳುತ್ತಾರೆ. ಹಾಜರಾತಿ ನೂರಕ್ಕೆ ನೂರು. ತಿಂಗಳ ಪರೀಕ್ಷೆಯಲ್ಲಿ ಎಲ್ಲರೂ ತಪ್ಪದೆ ಸೊನ್ನೆ ಪಡೆಯುತ್ತಿದ್ದಾರೆ.