ಕೋಶ ವಿಭಜನೆಗೆ ಒಪ್ಪಿಗೆ

ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಕೋಶವು ಹುಟ್ಟಿದಂದಿನಿಂದ ಯಾರ ತಂಟೆಗೂ ಹೋಗದೆ, ಒಂದು ಕೋಣೆ, ಒಂದು ಮೊಹರು ಮತ್ತು ಒಬ್ಬ ಅಧಿಕಾರಿಯೊಂದಿಗೆ ನೆಮ್ಮದಿಯಾಗಿತ್ತು. ಅದು ಒಡೆದದ್ದು ಒಬ್ಬ ಹುಡುಗಿಯ ಕೋರಿಕೆಯ ಮೇರೆಗೆ.

ಹುಡುಗಿ ಕಡಲಾಚೆಯಿಂದ ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ಪದವಿಗೆ ಬಂದವಳು. ಪರಿಣತಿಯ ವಿಷಯವನ್ನು ಗಡುವಿನೊಳಗೆ ಆರಿಸಿ ಕೋಶದ ಒಪ್ಪಿಗೆ ಪಡೆಯದಿದ್ದರೆ ವೀಸಾ ರದ್ದು, ಗಂಟುಮೂಟೆ ಕಟ್ಟಬೇಕು. ಆರಿಸುವುದರಲ್ಲಿ ಅವಳಿಗೆ ಗೊಂದಲವೇನೂ ಇರಲಿಲ್ಲ. ಸಾಕಿ ಸಲಹಿದ ದೊಡ್ಡಮ್ಮನ ಗಂಟಲಲ್ಲಿ ಗಡ್ಡೆ ಬೆಳೆದು, ವೈದ್ಯರು ಅದನ್ನು ತೆಗೆದಿದ್ದರು. ಹೊರಡುವ ದಿನ ದೊಡ್ಡಮ್ಮ ಒಡಕು ದನಿಯಲ್ಲಿ, "ಅದು ಯಾಕೆ ಬೆಳೀತಾನೇ ಹೋಯ್ತು, ಯಾಕೆ ನಿಲ್ಲಲಿಲ್ಲ ಅಂತ ತಿಳ್ಕೊಂಡು ಬಾ. ಬರಿಗೈಲಿ ಬಂದ್ರೆ ಬಾಗಿಲು ತೆಗೆಯಲ್ಲ" ಅಂದಿದ್ದಳು. ನೆನೆದರೆ ಹುಡುಗಿಗೆ ಈಗಲೂ ಅಳು ಬರುತ್ತಿತ್ತು.

ಹಾಗಾಗಿ ಅವಳು ಅಧಿಕಾರಿಯ ಮುಂದೆ ನಿಂತು ಒಂದೇ ಉಸಿರಿಗೆ, "ಸರ್, ನನಗೆ ಕೋಶ ವಿಭಜನೆ ಬೇಕು" ಎಂದಳು.

ಅಧಿಕಾರಿ ಕನ್ನಡಕ ತೆಗೆದರು. "ಯಾಕಮ್ಮಾ, ಈಗಿರೋ ಕೋಶದಲ್ಲಿ ಏನು ಕೊರತೆ?"

"ಕೊರತೆ ಅಲ್ಲ ಸರ್. ಒಂದು ಎರಡಾಗೋದು ಸಹಜ. ಬೆಳವಣಿಗೆ ಅಂದ್ರೇನೇ ಅದು."

"ಎರಡಾದ್ರೆ ಎರಡರಲ್ಲೂ ಎಲ್ಲ ಇರತ್ತಾ?"

"ಒಂದೂ ಬಿಡದ ಹಾಗೆ. ಒಳಗಿರೋದೆಲ್ಲ ಮೊದಲು ಜೋಡಿಯಾಗತ್ತೆ, ಆಮೇಲೆ ನಡುವೆ ಗೋಡೆ ಏಳತ್ತೆ."

ಅಧಿಕಾರಿಗೆ ಒಬ್ಬ ಬಾಮೈದನಿದ್ದ. ಕೆಲಸವಿಲ್ಲದೆ ಅವರ ಮನೆಯ ಸೋಫಾದಲ್ಲಿ ಠಿಕಾಣಿ ಹೂಡಿದ್ದ. ಅಧಿಕಾರಿಯ ಕಣ್ಣು ತೇವವಾಯಿತು. "ಇಂಥ ದೂರದೃಷ್ಟಿ ನಮ್ಮೋರಿಗೇ ಇಲ್ಲವಲ್ಲಮ್ಮಾ!"

ಮರುದಿನವೇ ಪ್ರಕಟಣೆ ಹೊರಬಿತ್ತು: "ವಿದ್ಯಾರ್ಥಿ ಸಮುದಾಯದ ಬಹುದಿನಗಳ ಬೇಡಿಕೆಯನ್ನು ಮನ್ನಿಸಿ ಕೋಶವನ್ನು ವಿಭಜಿಸಲಾಗಿದೆ. ಹಳೆಯದನ್ನು ಮಾತೃಕೋಶವೆಂದೂ ಹೊಸದನ್ನು ಮರಿಕೋಶವೆಂದೂ ಕರೆಯತಕ್ಕದ್ದು. ನಡುವಿನ ಪ್ಲೈವುಡ್ಡಿಗೆ ಒರಗತಕ್ಕದ್ದಲ್ಲ." ಬಾಮೈದ ಮರಿಕೋಶದ ಅಧಿಕಾರಿಯಾದ. ಫ್ಯಾನು ಒಂದೇ ಇದ್ದುದರಿಂದ ಪ್ಲೈವುಡ್ಡಿಗೆ ಕಂಡಿ ಕೊರೆದು, ರೆಕ್ಕೆಗಳು ಎರಡೂ ಕೋಶಗಳಲ್ಲಿ ಸಮನಾಗಿ ಸೇವೆ ಸಲ್ಲಿಸುವಂತೆ ಏರ್ಪಾಟು ಮಾಡಲಾಯಿತು.

ಹುಡುಗಿ ಓಡಿ ಬಂದಳು. "ಸರ್, ನಾನು ಕೇಳಿದ್ದು ಜೀವಕೋಶ!"

"ನಮ್ಮ ಕೋಶಕ್ಕೇನು ಜೀವ ಇಲ್ವಾ?" ಅಧಿಕಾರಿ ನೊಂದುಕೊಂಡರು. "ಆಯ್ತು, ಒಪ್ಪಿಗೆ ಕೊಡೋಣ. ಆದ್ರೆ ಈಗ ಎರಡೂ ಕೋಶ ಒಪ್ಪಬೇಕಲ್ಲಮ್ಮಾ."

ಮಾತೃಕೋಶ ಒಪ್ಪಿತು. ತನ್ನನ್ನು ಮೊದಲು ಕೇಳಲಿಲ್ಲವೆಂದು ಮರಿಕೋಶ ಮುನಿಸಿಕೊಂಡಿತು. ಮುನಿಸು ಬಗೆಹರಿಸಲು ಸಮನ್ವಯ ಕೋಶ ಬಂತು. ಅದರೊಳಗೇ ಸಮನ್ವಯ ಸಾಲದೆ ಅದೂ ಎರಡಾಯಿತು. ಬಾಮೈದನಿಗೂ ಒಬ್ಬ ಬಾಮೈದನಿದ್ದ, ಆ ಬಾಮೈದನಿಗೆ ಷಡ್ಡಕರಿದ್ದರು, ಷಡ್ಡಕರಿಗೆ ಸೋದರಮಾವಂದಿರಿದ್ದರು. ಕೋಶಗಳು ಕಾರಿಡಾರು ತುಂಬಿ, ಮೆಟ್ಟಿಲ ಕೆಳಗಿನ ಪೊರಕೆ ಗೂಡನ್ನು ನುಂಗಿ, ಪ್ರಯೋಗಾಲಯಕ್ಕೆ ನುಗ್ಗಿದವು. ಕಾಗದಗಳು ಹಾರದಿರಲೆಂದು ಸೂಕ್ಷ್ಮದರ್ಶಕವನ್ನು ಅವುಗಳ ಮೇಲೆ ಹೇರಿಟ್ಟುಕೊಂಡವು.

ಗಡುವು ಮುಗಿಯುತ್ತ ಬಂದಾಗ ಹುಡುಗಿ ಅಳುವುದೋ ನಗುವುದೋ ತಿಳಿಯದೆ ತನ್ನ ಮಾರ್ಗದರ್ಶಕಿಯಾದ ಪ್ರಾಧ್ಯಾಪಕಿಯನ್ನು ಹುಡುಕಿಕೊಂಡು ಹೋದಳು. ಪ್ರಾಧ್ಯಾಪಕಿಯ ಕುರ್ಚಿ ಈಗ ಸೈಕಲ್ ಸ್ಟ್ಯಾಂಡಿನಲ್ಲಿತ್ತು.

"ಪ್ರಯೋಗಾಲಯ ಇಲ್ಲ ಅಂತ ಯಾಕೆ ಕೊರಗ್ತೀಯ? ಕಣ್ಣೆದುರೇ ಒಡೀತಿವೆಯಲ್ಲ! ಬರಿಗಣ್ಣಿಗೆ ಕಾಣೋ ಕೋಶ ಯಾವ ದೇಶದಲ್ಲಿ ಸಿಗತ್ತೆ ಹೇಳು?" ಎಂದರು ಪ್ರಾಧ್ಯಾಪಕಿ.

ವಿಷಯ 'ನಿಲ್ಲದ ಕೋಶ ವಿಭಜನೆ' ಎಂದಾಯಿತು. ಪ್ರಬಂಧದಲ್ಲಿ ತಮ್ಮ ಫೋಟೊ ಬರುತ್ತದೆಂದು ತಿಳಿದದ್ದೇ ತಡ, ಎಲ್ಲ ಕೋಶಗಳೂ ನಾಮುಂದು ತಾಮುಂದು ಎಂದು ಮೊಹರೊತ್ತಿದವು. ವೀಸಾ ಉಳಿಯಿತು. ಹುಡುಗಿ ಸಂತೋಷಕ್ಕೆ ಕುಣಿದಾಡಿದಳು. ಅವಳ ಜೊತೆ ಮಾತೃಕೋಶದ ಅಧಿಕಾರಿಯೂ ಕುಣಿದರು.

ಓದು ಮುಗಿಯುತ್ತ ಬಂದಾಗ ದೊಡ್ಡಮ್ಮನ ಫೋನು ಬಂತು. "ಯಾಕೆ ನಿಲ್ಲಲ್ಲ ಅಂತ ಗೊತ್ತಾಯ್ತೇನೇ?"

"ಗೊತ್ತಾಯ್ತು ದೊಡ್ಡಮ್ಮಾ. ಒಳಗೆ 'ಸಾಕು' ಅಂತ ಹೇಳೋಕೆ ಒಬ್ಬರಿರಬೇಕು. ಆ ಹುದ್ದೆ ಖಾಲಿ ಬಿದ್ದಿತ್ತು."

"ನನ್ನ ಗಂಟಲಲ್ಲೂನಾ?"

"ನಿನ್ನ ಗಂಟಲಲ್ಲೂ."

"ಹಾಗಾದ್ರೆ ಬೇಗ ತುಂಬಿಸೋಕೆ ಹೇಳೇ!"

"ಹೇಳಿದೀನಿ ದೊಡ್ಡಮ್ಮಾ. ಅದಕ್ಕಂತಲೇ ಒಂದು ಕೋಶ ಮಾಡಿದಾರೆ."

ಅವಳು ನಿಂತಿದ್ದ ಆ ಹೊಸ ಕೋಶದಲ್ಲಿ ಬಡಗಿ ಆಗಲೇ ಪ್ಲೈವುಡ್ಡು ಒರಗಿಸಿಟ್ಟು ಅಳತೆ ಟೇಪು ಬಿಚ್ಚಿದ್ದ. "ಅಕ್ಕಾ, ಸರಿಯಾಗಿ ಮಧ್ಯಕ್ಕೇ ತಾನೇ?" ಎಂದ. ಹುಡುಗಿ ಫೋನನ್ನು ಹೆಗಲಿಗೆ ಒತ್ತಿಕೊಂಡು, ಹೂಂ ಎಂದು ಟೇಪಿನ ಇನ್ನೊಂದು ತುದಿ ಹಿಡಿದಳು.