ವಸ್ತಿ ಬಸ್ಸಿನ ಬುತ್ತಿ

ಹೆಂಡತಿ ಮಾಡಿದ ಅಡುಗೆಗೆ ಮಾರ್ಕ್ಸು ಕೊಡಬೇಡಿ. ಕೊಟ್ಟರೂ ಬರೆದು ಕೊಡಬೇಡಿ. ಬರೆದರೂ ಅದೇ ದಿನ ಮುಟ್ಟುವ ಹಾಗೆ ಕಳಿಸಬೇಡಿ. ಅಂಚೆಗೆ ಹಾಕಿದ್ದರೆ ಮೂರು ದಿನ ಹಿಡಿಯುತ್ತಿತ್ತು. ಅಷ್ಟರಲ್ಲಿ ನನಗೆ ಬುದ್ಧಿ ಬಂದು, ಪೋಸ್ಟಮನ್ನನ ಕೈಕಾಲು ಹಿಡಿದು ವಾಪಸು ಇಸಿದುಕೊಳ್ಳಬಹುದಿತ್ತು. ಆದರೆ ನಾನು ಮುಂದುವರಿದ ಮನುಷ್ಯ, ಬಸ್ಸಿನಲ್ಲಿ ಕಳಿಸಿದೆ.

ನಾನು ಮಾಳಿಂಗಪ್ಪ, ಕನ್ನಡ ಶಾಲೆಯ ಮಾಸ್ತರ. ಎಪ್ಪತ್ನಾಲ್ಕರ ಜೂನ್‌ನಲ್ಲಿ ನನಗೆ ಇಂಗಳೇಶ್ವರದಿಂದ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಆರ್ಡರು ಕೈಗೆ ಬಂದ ದಿನವೇ ನನ್ನ ಹೆಂಡತಿ ಕಾಶಿಬಾಯಿ ಟ್ರಂಕಿನ ಧೂಳು ಒರೆಸಿದಳು.

"ಎರಡು ಖೋಲಿ ಮನಿ ಹಿಡೀರಿ. ನಾನೂ ಬರ್ತೇನಿ."

"ಎಮ್ಮಿ ಯಾರು ನೋಡ್ತಾರ?"

"ಎಮ್ಮಿ ಶೇವಂತೆವ್ವ ನೋಡ್ತಾಳ. ನಿಮ್ಮನ್ನ ಯಾರು ನೋಡ್ತಾರ?"

ಶೇವಂತೆವ್ವ ನಮ್ಮ ಮಗ್ಗುಲ ಮನೆಯವಳು. ಅವಳ ಕೋಳಿಗಳು ನಮ್ಮ ಅಂಗಳ ಕೆದರುವ ವಿಷಯದಲ್ಲಿ ಅವಳಿಗೂ ನನಗೂ ಆರು ವರ್ಷದಿಂದ ಯುದ್ಧ. ಎಮ್ಮೆಯನ್ನು ಶತ್ರುವಿನ ಕೈಗೆ ಕೊಡುವುದೇ? ಅದು ನಾನು ಹೇಳಿದ ಕಾರಣ. (ಹೇಳದ ಕಾರಣ: ಮುದ್ದೇಬಿಹಾಳದಲ್ಲಿ ಸಂಜೆ ಇಸ್ಪೀಟು ಆಡುವ ನಾಲ್ಕು ಮಂದಿ ಮಾಸ್ತರರು ನನ್ನ ದಾರಿ ಕಾಯುತ್ತಿದ್ದರು.) ಆದರೆ ಊಟದ ಗತಿ? ಆಗ ನನ್ನ ತಲೆಯಲ್ಲಿ ಆ ದಿವ್ಯ ಉಪಾಯ ಹೊಳೆಯಿತು. ಹೊಳೆಯದಿದ್ದರೆ ಎಷ್ಟು ಚೆನ್ನಾಗಿತ್ತು!

ರಾತ್ರಿ ನಮ್ಮೂರಿಗೆ ಬಂದು ಮಲಗುವ ಬಸ್ಸಿಗೆ ವಸ್ತಿ ಬಸ್ಸು ಅನ್ನುತ್ತಾರೆ. ಬೆಳಿಗ್ಗೆ ಏಳಕ್ಕೆ ಎದ್ದು, ಬಾಗೇವಾಡಿ ಮೇಲೆ ಹಾಯ್ದು ಹತ್ತಕ್ಕೆ ಮುದ್ದೇಬಿಹಾಳ ಮುಟ್ಟುತ್ತದೆ. ಸಂಜೆ ನಾಲ್ಕಕ್ಕೆ ಹೊಳ್ಳಿ ಹೊರಟು ದೀಪ ಹಚ್ಚುವ ಹೊತ್ತಿಗೆ ಊರು ಸೇರುತ್ತದೆ. ಅದರ ಕಂಡಕ್ಟರ ಗೈಬುಸಾಬ ನಮ್ಮೂರವನೇ. ಪಟ್ಟಣದಲ್ಲಿ ನೌಕರಿಗಿದ್ದವರ ಬುತ್ತಿಗಳೆಲ್ಲ ಅವನ ಕೈಯಿಂದಲೇ ಹೋಗಬೇಕು. ಕಾಶಿ ಬೆಳಿಗ್ಗೆ ರೊಟ್ಟಿ, ಪಲ್ಯ, ಖಾರದ ಹಿಂಡಿ ಕಟ್ಟಿ ಅವನ ಕೈಯಲ್ಲಿಟ್ಟರೆ ಹತ್ತರ ಹೊಡೆತಕ್ಕೆ ನನ್ನ ಕೈಯಲ್ಲಿ! ಎಂಜಿನ್ನಿನ ಮಗ್ಗುಲಿಗೆ ಇಡುತ್ತಿದ್ದುದರಿಂದ ಬಿಸಿ ಕೂಡ ಆರುತ್ತಿರಲಿಲ್ಲ. (ಒಮ್ಮೊಮ್ಮೆ ಡೀಸೆಲ್ಲಿನ ಒಗ್ಗರಣೆಯೂ ಬೀಳುತ್ತಿತ್ತು.) ಈ ತ್ವರಿತ ರವಾನಾ ವ್ಯವಸ್ಥೆಗೆ ನನಗೆ ತಗಲುತ್ತಿದ್ದ ವೆಚ್ಚ ಗೈಬುಸಾಬನಿಗೆ ಒಂದು ಕಪ್ ಚಹಾ. ಮಹಾರಾಜರಿಗೂ ಇಂಥ ಸೌಕರ್ಯ ಇರಲಿಲ್ಲ ಎಂದು ಇಸ್ಪೀಟಿನ ಮಂದಿಯ ಮುಂದೆ ಎದೆಯುಬ್ಬಿಸಿ ಹೇಳುತ್ತಿದ್ದೆ.

ಬುತ್ತಿ ಏಳಕ್ಕೆ ಹೊರಡಬೇಕಾದರೆ ಕಾಶಿ ನಾಲ್ಕಕ್ಕೆ ಏಳಬೇಕು. ಏಳಲಿ, ಒಳ್ಳೆಯ ಅಭ್ಯಾಸ ಎಂದುಕೊಂಡೆ. ಮೊದಮೊದಲು ಪ್ರತಿ ರವಿವಾರ ಊರಿಗೆ ಹೋಗುತ್ತಿದ್ದೆ. ಆಮೇಲೆ ಹದಿನೈದು ದಿನಕ್ಕೊಮ್ಮೆ ಆಯಿತು. ಆಮೇಲೆ ಹಬ್ಬ ಬಂದರೆ ಹೋದೆ, ಇಲ್ಲದಿದ್ದರೆ ಇಲ್ಲ. ಬುತ್ತಿ ತಾನಾಗಿ ಬರುತ್ತಿರುವಾಗ ಹೋಗುವುದಾದರೂ ಏಕೆ?

ಹೋಗದಿದ್ದರೂ ಮಾರ್ಗದರ್ಶನ ಮಾತ್ರ ತಪ್ಪಿಸುತ್ತಿರಲಿಲ್ಲ. ಖಾಲಿ ಡಬ್ಬಿಯಲ್ಲಿ ದಿನಾಲು ಕೆಂಪು ಶಾಯಿಯಲ್ಲಿ ಒಂದು ಚೀಟಿ ಬರೆದು ಇಡುತ್ತಿದ್ದೆ. 'ರೊಟ್ಟಿ: ೫/೧೦. ಅಂಚು ದಪ್ಪ.' 'ಪಲ್ಯ: ೬/೧೦. ಉಪ್ಪಿನ ಕಡೆಗೆ ಲಕ್ಷ್ಯ ಬೇಕು.' ನಾಲ್ಕನೆಯ ಇಯತ್ತೆ ಕಲಿತವಳು, ಓದಿಕೊಂಡು ಸುಧಾರಿಸಲಿ ಎಂದು. ಆರರ ಮೇಲೆ ನಾನು ಯಾವತ್ತೂ ಕೊಟ್ಟವನಲ್ಲ. ಹೆಚ್ಚು ಕೊಟ್ಟರೆ ಮಕ್ಕಳು ಕೆಡುತ್ತಾರೆ ಅನ್ನುವುದು ನನ್ನ ಹತ್ತು ವರ್ಷದ ಅನುಭವ.

ಜನವರಿಯಲ್ಲಿ ಪವಾಡ ನಡೆಯಿತು. ಒಂದು ಸೋಮವಾರ ಬುತ್ತಿ ಬಿಚ್ಚಿದರೆ ಹಾಳೆಯಂಥ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ. ಬೆರಳು ನೆಕ್ಕಿ ಎಂಟು ಕೊಟ್ಟೆ. ಮರುದಿನ ಒಂಬತ್ತು. ಮೂರನೆಯ ದಿನದ ಕಡಲೆಹಿಟ್ಟಿನ ಜುಣಕಕ್ಕೆ ನನ್ನ ಕೈ ತಾನೇ ಹತ್ತಕ್ಕೆ ಹತ್ತು ಬರೆಯಿತು. ಕೆಳಗೆ ಷರಾ: 'ಉತ್ತಮ ಪ್ರಗತಿ. ಮದುವೆಯಾದ ಮೇಲೆ ಇಂಥ ಊಟ ಇದೇ ಮೊದಲು.' ಹೀಗೆ ಎಂಟು ದಿನ ಉಂಡೆ, ಎಂಟು ದಿನ ಹೊಗಳಿದೆ.

ಒಂಬತ್ತನೆಯ ದಿನ ಮತ್ತೆ ದಪ್ಪ ರೊಟ್ಟಿ, ನೀರು ನೀರು ಬೇಳೆ. ನನಗೆ ಸಿಟ್ಟು ಬಂತು. '೪/೧೦. ಹೊಗಳಿಕೆ ತಲೆಗೆ ಏರಿದಂತಿದೆ' ಎಂದು ಬರೆದು ಕಳಿಸಿದೆ.

ಮರುದಿನ ಗೈಬುಸಾಬ ಬರಿಗೈಯಲ್ಲಿ ಇಳಿದ.

"ಬುತ್ತಿ ಎಲ್ಲೋ?"

"ಇವತ್ತಿಲ್ರಿ ಮಾಸ್ತರ."

"ಯಾಕ? ಎಚ್ಚರಾಗಲಿಲ್ಲಂತೇನು ಆಕಿಗೆ?"

ಗೈಬುಸಾಬ ಟಿಕೀಟಿನ ಪೆಟ್ಟಿಗೆಯನ್ನು ಕಂಕುಳಿಗೆ ಒತ್ತಿಕೊಂಡು ನನ್ನ ಮುಖ ನೋಡಿದ. "ಎಂಟು ದಿನಾ ಅಕ್ಕಾರು ಜ್ವರದಾಗ ಮಲಗಿದ್ರಿ. ನಿನ್ನಿ ಎದ್ದು, ಗ್ವಾಡಿ ಹಿಡಕೊಂಡು ರೊಟ್ಟಿ ಬಡದ್ರು. ಅದಕ್ಕ ನೀವು ನಾಕು ಕೊಟ್ಟೀರಿ."

"ಮತ್ತ ಎಂಟು ದಿನದ ಅಡಗಿ?"

"ಶೇವಂತೆವ್ವಾರದು."

"ನನಗ್ಯಾಕ ಹೇಳಲಿಲ್ಲೋ ಮಾರಾಯಾ?"

"ಅಕ್ಕಾರು ಆಣಿ ಹಾಕಿದ್ರಿ. 'ಹೇಳಬ್ಯಾಡ ಗೈಬುಸಾಬ, ನನ್ನ ಕೈಯಾಂದಲ್ಲ ಅಂತ ಅವರಿಗೇ ತಿಳೀತೈತಿ, ಸಂಜಿ ಬಸ್ಸಿಗೆ ಓಡಿ ಬರ್ತಾರ ನೋಡು' ಅಂತಿದ್ರು. ದಿನಾ ಬಸ್ ಬರೂ ಹೊತ್ತಿಗೆ ಕೌದಿ ಹೊತಗೊಂಡು ಬಾಗಿಲಾಗ ಕುಂದರ್ತಿದ್ರು. ನಾ ನಿಮ್ಮ ಚೀಟಿ ಕೊಡ್ತಿದ್ದೆ."

ಅವತ್ತು ನಾನು ಯಾರಿಗೂ ಪಾಠ ಹೇಳಲಿಲ್ಲ. ಅರ್ಧ ದಿನದ ರಜೆ ಬರೆದುಕೊಟ್ಟು ನಾಲ್ಕರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಬಾಗಿಲು ಕಣ್ಣ ಮುಂದೆ ಬರುತ್ತಿತ್ತು. ನನ್ನ ಮೇಲೆ ನನಗೇ ಹೇಸಿಕೆ ಬಂತು.

ಕಾಶಿ ಕಟ್ಟೆಯ ಮೇಲೆ ಕುಳಿತಿದ್ದಳು, ಅರ್ಧ ಇಳಿದುಹೋಗಿದ್ದಳು. ನನ್ನನ್ನು ಮೊದಲು ಸ್ವಾಗತಿಸಿದವಳು ಮಗ್ಗುಲಲ್ಲಿದ್ದ ಶೇವಂತೆವ್ವ. "ಬರ್ರಿ ಮಾಸ್ತರ! ಸಾಲಿ ಮೆಟ್ಟಲಾ ಏರಿದಾಕಿ ಅಲ್ಲ ನಾ, ಹತ್ತಕ್ಕ ಹತ್ತು ತಗೊಂಡೆ ನೋಡ್ರಿ! ಚೀಟಿ ದೇವರ ಜಗಲಿ ಮ್ಯಾಲ ಇಟ್ಟೇನಿ." ಅವಳ ಕೋಳಿಗಳು ನನ್ನ ಕಾಲಲ್ಲೇ ಅಂಗಳ ಕೆದರುತ್ತಿದ್ದವು. ಅವನ್ನು ದಾಟಿ ಕಾಶಿಯ ಮುಂದೆ ಹೋಗಿ ನಿಂತೆ.

"ಕಾಶೀ, ತಪ್ಪಾತು."

"ಎಷ್ಟು ತಪ್ಪಾತು? ಹತ್ತಕ್ಕ ಎಷ್ಟು?"

"ಹಂಗ ಅನಬ್ಯಾಡ. ನಾಳೇನ ಮನಿ ಹಿಡೀತೇನಿ. ಎರಡು ಖೋಲಿ. ನೀ ಬಂದುಬಿಡು."

"ಏಳು ತಿಂಗಳ ಹಿಂದ ನಾ ಅಂದಾಗ ಎಮ್ಮಿ ಅಡ್ಡ ಬಂತು. ಈಗ ಎಮ್ಮಿ ಏನು ಸರದು ನಿಂತೈತೇನು?"

ನಾನು ತಲೆ ತಗ್ಗಿಸಿದೆ. ಅವಳು ಮೆತ್ತಗೆ ಅಂದಳು: "ಬರ್ತೇನಿ. ಆದ್ರ ಮೊದಲ ಒಂದು ದಿನ ನೀವು ನಿಮ್ಮ ಕೈಲೆ ಎರಡು ರೊಟ್ಟಿ ಬಡದು ಬಸ್ಸಿಗೆ ಕಳಸ್ರಿ. ಸುಟ್ಟಿರಲಿ, ಹರದಿರಲಿ, ಹೆಂಗರ ಇರಲಿ. ನನ್ನ ಸಲುವಾಗಿ ಒಂದು ದಿನ ಒಲಿ ಮುಂದ ಕುಂತಿರಿ ಅಂದ್ರ ಸಾಕು."

ಇದಕ್ಕಿಂತ ಸುಲಭವಾದ ಪರೀಕ್ಷೆಯನ್ನು ಯಾವ ಗುರುವೂ ಯಾವ ಶಿಷ್ಯನಿಗೂ ಕೊಟ್ಟಿರಲಾರ. ಫೇಲಾದರೂ ಪಾಸು!

ಮುದ್ದೇಬಿಹಾಳಕ್ಕೆ ಬಂದು ಮನೆ ಹಿಡಿದೆ. ಒಲೆ, ಹಂಚು, ಹಿಟ್ಟು ನಾದುವ ಕೊಣಮಿಗೆ ತಂದೆ. ರವಿವಾರ ಬೆಳಿಗ್ಗೆ ಅಂಗಿ ಕಳಚಿ ಸಮರಕ್ಕೆ ಕುಳಿತೆ. ಹಿಟ್ಟು ನಾದಿದೆನೋ, ಹಿಟ್ಟೇ ನನ್ನನ್ನು ನಾದಿತೋ ತಿಳಿಯದು. ಮೊದಲನೆಯ ರೊಟ್ಟಿ ಬಡಿಯುವಾಗಲೇ ಬಿರಿಯಿತು. ಎರಡನೆಯದು ಎತ್ತುವಾಗ ಹರಿಯಿತು. ಮೂರನೆಯದು ಹಂಚಿನ ಬದಲು ನನ್ನ ಮೊಳಕೈಗೆ ಅಂಟಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಎರಡು ಮಾತ್ರ ರೊಟ್ಟಿ ಅನ್ನಿಸಿಕೊಳ್ಳುವ ಹಾಗೆ ಉಳಿದವು. ಒಂದು ಮಗ್ಗುಲು ಕರ್ರಗೆ, ಇನ್ನೊಂದು ಮಗ್ಗುಲು ಹಸಿ.

ಕಳಿಸಿಬಿಡಬೇಕಿತ್ತು. ದೇವರಾಣೆಗೂ ಅವನ್ನೇ ಕಳಿಸಿಬಿಡಬೇಕಿತ್ತು. ಆದರೆ ಅರಿವೆಯಲ್ಲಿ ಕಟ್ಟುವಾಗ ನನ್ನ ಮಾನ ಎದ್ದು ನಿಂತಿತು. ಇವನ್ನು ಗೈಬುಸಾಬ ನೋಡುತ್ತಾನೆ, ಊರು ನೋಡುತ್ತದೆ, ಹತ್ತಕ್ಕೆ ಹತ್ತು ತೆಗೆದುಕೊಂಡ ಶೇವಂತೆವ್ವ ನೋಡುತ್ತಾಳೆ! ಸರಕಾರಿ ಶಾಲೆಯ ಮಾಸ್ತರನ ಕೈಯ ಕೆಲಸ ಹೀಗೆಯೇ ಎಂದು ಹಲ್ಲು ಕಿಸಿಯುತ್ತಾರೆ. ನೆಟ್ಟಗೆ ಪರಮಾನಂದನ ಖಾನಾವಳಿಗೆ ಹೋಗಿ ಎರಡು ರೊಟ್ಟಿ ತಂದೆ. ಅನುಮಾನ ಬಾರದಿರಲೆಂದು ಒಂದರ ಅಂಚನ್ನು ನಾನೇ ಕೆಂಡಕ್ಕೆ ಹಿಡಿದು ಸುಟ್ಟೆ. (ಇಂಥ ಕೆಲಸಕ್ಕೆ ಮಾತ್ರ ಬುದ್ಧಿ ಹರಿತವಾಗಿ ಓಡುತ್ತದೆ.) ನಾಲ್ಕರ ಬಸ್ಸಿಗೆ ಗಂಟು ಹೋಯಿತು.

ಸೋಮವಾರ ಮನೆ ಗುಡಿಸಿ, ನೀರು ತುಂಬಿ, ತಲೆಗೆ ಎಣ್ಣೆ ಹಚ್ಚಿಕೊಂಡು ಒಂಬತ್ತೂವರೆಗೇ ಬಸ್‌ಸ್ಟ್ಯಾಂಡಿನಲ್ಲಿ ನಿಂತೆ. ಬಸ್ಸು ಬಂತು. ಮಂದಿ ಇಳಿದರು. ಕೊನೆಗೆ ಟ್ರಂಕು ಇಳಿಯುತ್ತದೆ ಎಂದು ಕಾದೆ. ಇಳಿದವನು ಗೈಬುಸಾಬ, ಕೈಯಲ್ಲಿ ನನ್ನದೇ ಗಂಟು.

"ಅಕ್ಕಾರು ಬರಲಿಲ್ಲೇನೋ?"

"ಬಂದಿದ್ರಿ." ಅವನು ನನ್ನ ಕಡೆ ನೋಡಲಿಲ್ಲ. "ಟ್ರಂಕು ತಗೊಂಡು ಬಸ್ ಹತ್ತಿದ್ರು. ರಾತ್ರಿ ಗಂಟು ಬಿಚ್ಚಿರಲೇ ಇಲ್ಲಂತ, ಬಸ್ಸಿನಾಗ ಕುಂತು ತಿಂತೇನಿ ಅಂತ ಇಟಗೊಂಡಿದ್ರು. ಬಾಜೂಕಿನ ಹೆಣ್ಣಮಕ್ಕಳಿಗೆಲ್ಲಾ, 'ನಮ್ಮವರು ಮಾಡಿ ಕಳಿಸ್ಯಾರ, ನೋಡ್ರಿ' ಅಂತ ತೋರಿಸಿದ್ರು. ಬಾಗೇವಾಡಿ ಸನೇಕ ಬಂದಾಗ ಒಂದು ತುತ್ತು ಬಾಯಾಗ ಇಟಗೊಂಡ್ರು. ಅಲ್ಲೇ ಇಳದು, ಟ್ರಂಕು ಇಳಿಸಿಕೊಂಡು, ಹೊಳ್ಳಿ ಹೋದ್ರಿ."

"ಏನರ ಅಂದ್ರೇನೋ?"

"ಅಂದ್ರಿ. 'ಎಂಟು ದಿನಾ ಉಂಡ್ರೂ ಅವರಿಗೆ ತಿಳೀಲಿಲ್ಲ, ನನಗ ಒಂದ ತುತ್ತಿಗೆ ತಿಳೀತು ಅಂತ ಹೇಳು' ಅಂದ್ರು."

ಅಷ್ಟು ಹೇಳಿ ಅವನು ಗಂಟು ನನ್ನ ಕೈಗಿಟ್ಟು ಹೋದ. ಬಾಡಿಗೆ ಮನೆಯ ಹೊಸ ಒಲೆಯ ಮುಂದೆ ಒಬ್ಬನೇ ಕುಳಿತು ಆ ರೊಟ್ಟಿಗಳನ್ನು ನಾನೇ ತಿಂದೆ. ಬಲು ರುಚಿಯಾಗಿದ್ದವು, ಅದೇ ದುಃಖ.